ಗಿಡ ಅಂದೆ, ಮರ ಅನ್ನಲಿಲ್ಲ

ಸರಕಾರ ಕೇಳಿದ್ದನ್ನು ಕೊಡುವುದಿಲ್ಲ ಎಂಬ ನಂಬಿಕೆಯ ಮೇಲೆ ನಾನು ಇಷ್ಟು ವರ್ಷ ಬಾಳುವೆ ಮಾಡಿದೆ. ಆ ನಂಬಿಕೆಗೆ ಸರಕಾರವೂ ದ್ರೋಹ ಬಗೆಯಲಿಲ್ಲ. ನಮ್ಮವರು ತೀರಿಕೊಂಡ ಮೇಲೆ ವಿಧವಾ ಪಗಾರ ಕೇಳಿದೆ. ಅವರು ಸತ್ತದ್ದು ಖರೆ ಎಂದು ಸರಕಾರಕ್ಕೆ ಮನವರಿಕೆಯಾಗುವಷ್ಟರಲ್ಲಿ ನಾನೇ ಹೋಗುವ ವಯಸ್ಸಿಗೆ ಬಂದೆ. ಓಣಿಗೆ ನಳ ಕೇಳಿದೆವು; ನಳ ಬಂತು, ನೀರು ಇನ್ನೂ ದಾರಿಯಲ್ಲಿದೆ. ಇಂಥ ಸರಕಾರ ಒಂದೇ ಒಂದು ಸಲ, ನಾನು ಬಾಯಿ ತೆರೆದು ಮುಚ್ಚುವುದರೊಳಗೆ ಕೇಳಿದ್ದನ್ನು ಕೊಟ್ಟಿತು. ಅವತ್ತೇ ನಾನು ಕೆಟ್ಟೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೈಸೂರು ಕಡೆಯವರಿಗೆ ಈ ಸಂಕಟ ತಿಳಿಯುವುದಿಲ್ಲ. ನಮ್ಮ ಕಮತಗಿಯಲ್ಲಿ ನೆಲದಿಂದ ಎದ್ದು ನಿಂತದ್ದೆಲ್ಲ ಗಿಡವೇ. ತುಳಸಿಯೂ ಗಿಡ, ಮದುವೆಯ ದಿಬ್ಬಣವೇ ನೆರಳಿಗೆ ಕೂಡಬಹುದಾದ ಬೇವೂ ಗಿಡ. ಮರ ಎಂದರೆ ಜೋಳ ಕೇರುವ ಬಿದಿರಿನ ಮರ. ಅದನ್ನು ಕೆಲವರು ಮೊರ ಎನ್ನುತ್ತಾರಂತೆ, ಅನ್ನಲಿ. ನಾನು ಸಾಲಿಗೆ ಹೋದದ್ದು ಎರಡನೇ ಇಯತ್ತೆಯವರೆಗೆ. ಮಾಸ್ತರರು ಹಲಗೆಯ ಮೇಲೆ ‘ಮರ’ ಎಂದು ಬರೆದಾಗ ನಾನು ಅವ್ವನ ಕೈಯಲ್ಲಿರುವುದನ್ನು ನೆನೆದು ಜೋರಾಗಿ ಓದಿದೆ. ಶಾಬಾಸ್ ಎಂದರು. ಏನು ತಿಳಿದು ಓದಿದೆ ಎಂದು ಅವರು ಕೇಳಲಿಲ್ಲ, ಏನು ತಿಳಿದು ಬರೆದಿರಿ ಎಂದು ನಾನೂ ಕೇಳಲಿಲ್ಲ.

ನಮ್ಮ ಮನೆಯ ಮುಂದೆ ಎರಡು ಬೇವಿನ ಗಿಡಗಳಿದ್ದವು. ಯಾರೂ ಹಚ್ಚಿದ್ದಲ್ಲ. ಕಾಗೆ ಹಣ್ಣು ತಿಂದು ಹಿಕ್ಕೆ ಹಾಕಿತು, ಬೀಜ ಬಿತ್ತು, ಎದ್ದವು. ನಮ್ಮತ್ತೆ ಮಾಡಿದ ಉಪಕಾರವೆಂದರೆ ಆಡು ಬಾಯಿ ಹಾಕದಂತೆ ಸುತ್ತ ಮುಳ್ಳು ಒಡ್ಡಿದ್ದು. ನಾನು ಗಿಡ ತಬ್ಬಿಕೊಂಡು ಅಳುವ ಪೈಕಿ ಅಲ್ಲ. ಆದರೆ ಬೇಸಿಗೆಯಲ್ಲಿ ಮಲಗಲು ಹೊರಸು ಹಾಕುವುದು ಅಲ್ಲಿ, ಶಾವಿಗೆ ಹೊಸೆಯುವುದು ಅಲ್ಲಿ, ಜೋಳಕ್ಕೆ ಹುಳು ಬೀಳದಂತೆ ಹಾಕುವ ಎಲೆಯೂ ಅಲ್ಲಿಯದೇ. ನಮ್ಮವರು ತೀರಿಕೊಂಡಾಗ ವಿಭೂತಿ ಹಚ್ಚಿ, ಹೂವು ಹಾಕಿ ಕೂಡಿಸಿದ್ದೂ ಅಲ್ಲೇ. ಕಡು ಬೇಸಿಗೆ. ಮಣ್ಣು ಕೊಡಲು ಬಂದವರೆಲ್ಲ, “ಪುಣ್ಯವಂತ, ತಂಪನ್ನ ನೆರಳಾಗ ಕುಂತಾನ ನೋಡ” ಅಂದರು. ನನ್ನನ್ನೂ ಅಲ್ಲೇ ಕೂಡಿಸುತ್ತಾರೆ ಎಂದು ನಾನು ಜಾಗ ಹಿಡಿದಿಟ್ಟಿದ್ದೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಒಗೆದ ಹಾಗೆ.

ನನ್ನ ಮಗ ಮಹಾಂತೇಶ ಶಿರೂರ ಕಡೆ ಸಾಲಿ ಮಾಸ್ತರ. ಹೋದ ವರ್ಷ ಯಾರೋ ಓಡಿಸಿ ಬಿಟ್ಟ ಕರಿ ಕಾರೊಂದನ್ನು ತಂದು ಗಿಡದ ಕೆಳಗೆ ನಿಲ್ಲಿಸಿದ. ಗಿಡದ ಮೇಲಿದ್ದ ಕಾಗೆಗಳಿಗೆ ಕಾರಿನ ಬೆಲೆ ಯಾರೂ ಹೇಳಿರಲಿಲ್ಲ.

“ಅವ್ವಾ, ಕರೇ ಕಾರ ತಂದ್ರ ದಿನಾ ಮುಂಜಾನೆ ಬಿಳೇದಾಗಿ ನಿಂತಿರತೈತಿ” ಅಂದ.

“ಬಿಳೇದ ತರಬೇಕಿತ್ತು. ಗೊತ್ತಾಗ್ತಿದ್ದಿಲ್ಲ” ಅಂದೆ.

“ಚ್ಯಾಷ್ಟಿ ಸಾಕು. ಈ ಗಿಡಾ ತಗಸಿ ತಗಡ ಹೊದಸತೇನಿ. ಕಾರಿಗೆ ನೆರಳ ಬೇಕು.”

“ನೆರಳ ಬೇಕಂತ ಗಿಡಾ ಕಡೀತಿಯೇನ? ಹಸಿವ್ಯಾತಂತ ಒಲಿಗೆ ನೀರ ಸುರುವಿಧಂಗಾತು.”

ಸೊಸೆ ಕಸ್ತೂರಿಯಾದರೂ ನನ್ನ ಕಡೆ ನಿಲ್ಲುತ್ತಾಳೆ ಎಂದುಕೊಂಡರೆ ಅವಳು ಅಂಗಳದ ಮೂಲೆಯಿಂದಲೇ, “ಅತ್ತೀ, ನಿಮಗ ನೆರಳಷ್ಟ ಕಾಣತೈತ್ರಿ. ಎಲಿ ಉದರೂದು ಕಾಣೂದಿಲ್ಲ, ಕಸಬರಗಿ ನನ್ನ ಕೈಯಾಗ ಇರತೈತಲ್ರಿ” ಅಂದಳು. ಮಾತು ಖರೆ. ಖರೆ ಮಾತಿಗೆ ನನಗೆ ಭಾಳ ಸಿಟ್ಟು ಬರುತ್ತದೆ.

ಹೀಗೆ ಒಂದು ತಿಂಗಳು ಜಗ್ಗಾಡಿ ಕಡೆಗೆ ನಾನೊಂದು ಯುಕ್ತಿ ತೆಗೆದೆ. ಅಂಗಳದ ಗಿಡ ಕಡಿಯಲಿಕ್ಕೂ ಸರಕಾರದ ಅಪ್ಪಣೆ ಬೇಕು ಎಂದು ಯಾರೋ ಹೇಳಿದ್ದು ನೆನಪಾಯಿತು. “ನಾನ ಹೋಗಿ ಕೇಳತೇನಿ. ಅವರು ಹೂಂ ಅಂದ್ರ ಕಡಿ, ಸಂಗಮನಾಥನ ಆಣಿ, ನಾ ತುಟಿ ಬಿಚ್ಚೂದಿಲ್ಲ. ಒಲ್ಲೆ ಅಂದ್ರ ನಾ ಸಾಯೂತನಕ ನೀ ಈ ಮಾತ ಎತ್ತಬ್ಯಾಡ” ಅಂದೆ. ಸರಕಾರ ಒಲ್ಲೆ ಅನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮಗ ಕಾರು ತೊಳೆದು ನನ್ನನ್ನು ಕೂಡಿಸಿಕೊಂಡು ಹೋದ.

ಯಾವ ಊರಿನ ಯಾವ ಕಚೇರಿ ಎಂದು ಹೇಳುವುದಿಲ್ಲ. ಸಾಹೇಬ ಪಾಪದವನು, ಅವನ ಹೊಟ್ಟೆಯ ಮೇಲೆ ನಾನೇಕೆ ಹೊಡೆಯಲಿ. ಹೊಸದಾಗಿ ಮೈಸೂರು ಕಡೆಯಿಂದ ಬಂದಿದ್ದನಂತೆ. ಎದ್ದು ಕುರ್ಚಿ ಹಾಕಿದ. ಆಗಲೇ ನನಗೆ ಅಂಜಿಕೆಯಾಗಬೇಕಿತ್ತು.

“ಏನಾಗ್ಬೇಕಿತ್ತಜ್ಜಿ?”

“ಮನಿ ಮುಂದ ಎರಡ ಬೇವಿನ ಗಿಡಾ ಅದಾವ್ರಿ. ನನ್ನ ಮಗಾ ತಗಸಬೇಕಂತಾನ. ನೀವು ಅಪ್ಪಣಿ ಕೊಡೂದಿಲ್ಲಲ್ರಿ?”

“ಗಿಡ ತಾನೇ? ಮರ ಅಲ್ವಲ್ಲ?”

ಮನೆಯ ಸಾಮಾನಿನ ವಿಚಾರ ಇವನಿಗೇಕೆ ಅನಿಸಿತು. ಆದರೂ ಕೇಳಿದ್ದಕ್ಕೆ ಹೇಳಬೇಕಲ್ಲ. “ಮರಾ ಅಡಗಿ ಮನ್ಯಾಗ ಐತ್ರಿ. ಅದಕ್ಕೇನಾಗಿಲ್ಲ, ಮೊನ್ನೆರ ಸಗಣಿ ಬಳದೇನಿ” ಅಂದೆ.

ಸಾಹೇಬ ನನ್ನ ಮುಖ ನೋಡಿದ. ವಯಸ್ಸಾದವಳು, ಏನೋ ಅನ್ನುತ್ತಾಳೆ ಎಂದು ಬಿಟ್ಟುಬಿಟ್ಟ. “ಸರಿ ಬಿಡಿ. ಗಿಡಕ್ಕೆಲ್ಲ ಪರ್ಮಿಷನ್ ಬೇಕಾಗಲ್ಲ ಅಜ್ಜಿ. ಕಿತ್ತು ಬಿಸಾಕಿ.”

“ಭಾಳ ದೊಡ್ಡವು ಅದಾವಲ್ರಿ” ಅಂದೆ.

“ದೊಡ್ಡದಾದ್ರೆ ಇಬ್ರು ಹಿಡ್ಕೊಂಡು ಕೀಳಿ” ಅನ್ನುವಷ್ಟರಲ್ಲಿ ಅವನ ಫೋನು ಬಂತು, ಮಾತಾಡುತ್ತ ಹೊರಗೆ ಹೋದ.

ನನ್ನ ಮಗ ಅಲ್ಲೇ ಇದ್ದ. ನಾಲ್ಕಕ್ಷರ ಕಲಿಸುವವನು, ಪುಸ್ತಕದ ಮರ ಯಾವುದು ಅಡಿಗೆ ಮನೆಯ ಮರ ಯಾವುದು ಅವನಿಗೆ ಗೊತ್ತು. ಬಾಯಿ ಬಿಡಲಿಲ್ಲ. ಗೋಡೆಯ ಮೇಲಿನ ಹುಲಿಯ ಚಿತ್ರವನ್ನು ಹುಲಿಯೇ ನಾಚುವಷ್ಟು ಹೊತ್ತು ನೋಡುತ್ತ ನಿಂತಿದ್ದ.

ಹಸನಸಾಬ ಎಂಬ ಕಟ್ಟಿಗೆ ಕಡಿಯುವವ ಮಷಿನ್ ತಂದ. “ಆಯಿ, ಒಳಗ ಹೋಗ್ರಿ, ನಿಮ್ಮ ಕಡೆ ನೋಡಾಕ ಆಗೂದಿಲ್ಲ” ಅಂದ. “ನೀ ಗಿಡದ ಕಡೆ ನೋಡು, ಕಾಲ ಕಡಕೊಂಡೀ” ಅಂದು ಹೊರಸಿನ ಮೇಲೆಯೇ ಕುಳಿತೆ. ಆಣೆ ಮಾಡಿದ್ದೆನಲ್ಲ, ಬೇರೆ ಮಾತು ಇರಲಿಲ್ಲ. ಒಂದೊಂದು ಟೊಂಗೆ ಬಿದ್ದ ಹಾಗೆ ನೆರಳು ನನ್ನ ತೊಡೆಯಿಂದ ಇಳಿಯಿತು, ಕಾಲಿನಿಂದ ಇಳಿಯಿತು, ಆಮೇಲೆ ಹೇಳದೆ ಕೇಳದೆ ಹೋಯಿತು. ಕಾಗೆಯ ಹಿಕ್ಕೆಯಿಂದ ಹುಟ್ಟಿದ್ದು ಕಾಗೆಯ ಹಿಕ್ಕೆಯಿಂದಲೇ ಸತ್ತಿತು. ಮಧ್ಯಾಹ್ನ ಕಸ್ತೂರಿ ಗುಡಿಸಲು ಬಂದವಳು ಕಸಬರಿಗೆ ಹಿಡಿದು ನಿಂತುಬಿಟ್ಟಳು. “ಗುಡಸವಾ, ಇದ ಕಡೇ ಕಸಾ” ಅಂದೆ. ಅವಳು ಒಳಗೆ ಹೋದಳು. ನಾನೇ ಗುಡಿಸಿದೆ.

ಯಾರೋ ಚಾಡಿ ಹೇಳಿದರೋ ಏನೋ, ಎಂಟು ದಿನದೊಳಗೆ ಆ ಸಾಹೇಬ ಜೀಪಿನಲ್ಲಿ ಬಂದಿಳಿದ. ಎರಡು ಬೊಡ್ಡೆಗಳನ್ನು ನೋಡಿ ಬೆವರಿದ. “ಅಜ್ಜಿ, ಇದು ಮರ. ನೀವು ಗಿಡ ಅಂದ್ರಲ್ಲ.”

“ಬೇವಿನ ಗಿಡಕ್ಕ ಗಿಡಾ ಅನ್ನದ ಎಮ್ಮಿ ಅನ್ಲೇನ್ರಿ?”

“ಮರ ಅನ್ಬೇಕಿತ್ತು.”

ನಾನು ಒಳಗೆ ಹೋಗಿ ಮರ ತಂದು ಅವನ ಕೈಗೆ ಕೊಟ್ಟೆ. ಸಗಣಿ ಬಳಿದದ್ದನ್ನೂ ತೋರಿಸಿದೆ. ಅವನು ಅದನ್ನು ಹಿಡಿದುಕೊಂಡು ಬೊಡ್ಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, “ಮರ ಅಂದಿದ್ರೆ ನಾನು ಖಂಡಿತ ಕೊಡ್ತಿರ್ಲಿಲ್ಲ ಅಜ್ಜಿ” ಅಂದ.

ನಾನು ಬಯಸಿ ಹೋದ ‘ಒಲ್ಲೆ’ ಅವನ ಬಾಯಿಯಲ್ಲೇ ಇತ್ತು. ಎರಡಕ್ಷರದ ಬದಲು ಬೇರೆ ಎರಡಕ್ಷರ ಹೇಳಿದ್ದರೆ ಉದುರುತ್ತಿತ್ತು. ಅವನು ಜೀಪಿನಿಂದ ಕರಿ ಚೀಲದ ಎರಡು ಸಸಿ ಇಳಿಸಿ, “ಈ ಗಿಡ ನೆಡಿ” ಅಂದ. ಗೇಣುದ್ದ ಇದ್ದವು. ಅವನ ಕಣ್ಣಿಗೆ ಅವು ಗಿಡ. ನಾನು ಗಿಡ ಅನ್ನುವಷ್ಟು ಅವು ಬೆಳೆಯುವವರೆಗೆ ನಾನಿರುವುದಿಲ್ಲ. ಆದರೂ ನೆಟ್ಟೆ, ಮುಳ್ಳೂ ಒಡ್ಡಿದೆ.

ತಗಡು ಹೊದಿಸಿಯಾಯಿತು. ನಮ್ಮ ಬಿಸಿಲಿಗೆ ಅದು ತಗಡಲ್ಲ, ರೊಟ್ಟಿ ಹಂಚು. ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಹೀಗಾಗಿ ಮಹಾಂತೇಶ ಅದನ್ನೀಗ ಓಣಿಯ ತುದಿಯ ಮಠದ ಬೇವಿನ ಕೆಳಗೆ ನಿಲ್ಲಿಸುತ್ತಾನೆ. ನಮ್ಮ ಕಾಗೆಗಳೂ ಅಲ್ಲಿಗೇ ಹೋಗಿವೆ, ಕಾರಿನ ಗುರುತು ಮರೆತಿಲ್ಲ. ದಿನಾ ಮುಂಜಾನೆ ಬಿಳಿ ಕಾರು ತೊಳೆಯುತ್ತಾನೆ. ನಾನು ತುಟಿ ಬಿಚ್ಚುವುದಿಲ್ಲ, ಆಣೆ ಇದೆ.

ನನ್ನ ಚಿಂತೆ ನನ್ನದು. ಬೇಸಿಗೆಯಲ್ಲಿ ಸತ್ತರೆ ಆ ತಗಡಿನ ಕೆಳಗೆ ಕೂಡಿಸುತ್ತಾರೆ, ಬಂದವರು ಅಳುವ ಮೊದಲೇ ಮೈಯೆಲ್ಲ ನೀರಾಗಿರುತ್ತಾರೆ. “ನಾ ಚಳಿಗಾಲದಾಗ ಸಾಯತೇನಿ ನೋಡವಾ” ಎಂದು ಕಸ್ತೂರಿಗೆ ಹೇಳಿದರೆ, “ಅದಕ್ಕೂ ಸರಕಾರದ ಅಪ್ಪಣಿ ಕೇಳಿ ಬರ್ರಿ ಅತ್ತಿ” ಅನ್ನುತ್ತಾಳೆ. ಅಷ್ಟರವರೆಗೆ ಹೊರಸು ಹಳೆಯ ಜಾಗದಲ್ಲೇ ಹಾಕಿಸಿಕೊಂಡು, ಜೋಳ ಕೇರಿ ಮುಗಿದ ಮೇಲೆ ಮರ ಕೊಡವಿ ತಲೆಯ ಮೇಲೆ ಹಿಡಿದುಕೊಂಡು ಕೂಡುತ್ತೇನೆ. ಹಾದು ಹೋಗುವವರು, “ಏನಬೇ ಆಯಿ, ಬಿಸಲಾಗ ಕುಂತಿ?” ಎನ್ನುತ್ತಾರೆ.

“ಇಲ್ಲಪಾ, ಮರದ ನೆರಳಾಗ ಕುಂತೇನಿ” ಅನ್ನುತ್ತೇನೆ. ಎರಡನೇ ಇಯತ್ತೆಯ ಪಾಠ, ಈಗ ಬಾಯಿಗೆ ಬಂದಿದೆ.