ಡ್ರೈವರ್ ಸಿಗುತ್ತಿಲ್ಲ

"ಇಷ್ಟು ವರ್ಷ ಬಸ್ಸಿನ ಎಂಜಿನ್ನನ್ನೇ ಪಳಗಿಸಿದವನಿಗೆ ಈ ತಗಡಿನ ಡಬ್ಬ ಯಾವ ಲೆಕ್ಕ?" ವಾರದ ರಜೆಯ ದಿನ ಬೆಳಿಗ್ಗೆ ಡ್ರೈವರ್ ಹಲ್ಲುಜ್ಜುತ್ತಿದ್ದ ಬ್ರಷ್ಷನ್ನು ಬಾಯಿಂದ ಹೊರತೆಗೆದು ಹೆಂಡತಿಯ ಮುಂದೆ ಹೀಗೆಂದು ಘೋಷಿಸಿದ. ಘೋಷಣೆಯ ಜತೆ ಒಂದಿಷ್ಟು ನೊರೆಯೂ ನೆಲಕ್ಕೆ ಬಿತ್ತು. ಅವಳು ನೊರೆಯನ್ನಷ್ಟೇ ನೋಡಿದಳು.

ತಗಡಿನ ಡಬ್ಬ ಎಂದರೆ ನಡುಮನೆಯ ಕಿಟಕಿ ಪಕ್ಕದಲ್ಲಿದ್ದ ಕಂಪ್ಯೂಟರು. ಹಗಲು ಅದು ಹೆಂಡತಿಯದು. ಅವಳು ಮನೆಯಲ್ಲೇ ಕೂತು ಡಿ.ಟಿ.ಪಿ. ಕೆಲಸ ಮಾಡುತ್ತಿದ್ದಳು, ಯಾರದೋ ಕರಪತ್ರ, ಯಾರದೋ ಪ್ರಬಂಧ, ಯಾರದೋ ಕವನ ಸಂಕಲನ ಅವಳ ಬೆರಳ ತುದಿಯಿಂದ ಅಚ್ಚಿಗೆ ಸಿದ್ಧವಾಗಿ ಹೋಗುತ್ತಿದ್ದವು. ಸಂಜೆಯಾದರೆ ಅದು ಡ್ರೈವರನದು. ದಿನವಿಡೀ ಊರೊಳಗೆ ಬಸ್ಸು ಓಡಿಸಿ, ಅದನ್ನು ಡಿಪೋದಲ್ಲಿ ನಿಲ್ಲಿಸಿ, ಮನೆಗೆ ಬಂದು ಮುಖ ತೊಳೆದು, ಖಾಕಿ ಕಳಚಿ, ಅವನು ಆಡಲು ಕೂರುತ್ತಿದ್ದ ಆಟ ಯಾವುದೆಂದರೆ ಬಸ್ಸು ಓಡಿಸುವ ಆಟ. ಹಗಲೆಲ್ಲ ಓಡಿಸಿದ್ದು ಸಾಲದೇ ಎಂದು ಕೇಳಿದವರಿಗೆಲ್ಲ ಅವನ ಉತ್ತರ ಸಿದ್ಧವಿತ್ತು: ಡಿಪೋದ ಬಸ್ಸು ಅವರು ಹೇಳಿದ ಕಡೆ ಹೋಗುತ್ತದೆ, ಇದು ನಾನು ಹೇಳಿದ ಕಡೆ ಹೋಗುತ್ತದೆ.

ಕೇಡು ಬಂದದ್ದು ಆಟದ ಹೊಸ ಆವೃತ್ತಿಯಿಂದ. ಅದರಲ್ಲಿ ಬೆಟ್ಟದ ದಾರಿ ಇತ್ತು, ಮಂಜು ಇತ್ತು, ಹಾವಿನಂತೆ ನುಲಿದ ತಿರುವುಗಳಿದ್ದವು. ಅಂಥ ದಾರಿಗೆ ಬೇಕಾದ ಜಾಗವೂ ಇಲ್ಲ, ಮೆಮೊರಿಯೂ ಇಲ್ಲ ಎಂದು ಕಂಪ್ಯೂಟರು ಮೊದಲೇ ಕೈಮುಗಿಯಿತು. ಡ್ರೈವರ್ ಕೇಳಲಿಲ್ಲ. ಅದನ್ನು ಅಳಿಸಿ, ಇದನ್ನು ಕಿತ್ತು, ಹೇಗೋ ತುರುಕಿದ. ಆಟ ಶುರುವಾಯಿತು, ಆದರೆ ಕುಂಟುತ್ತ, ಬಿಕ್ಕುತ್ತ. ತಿರುವಿನಲ್ಲಿ ಇವನು ಬ್ರೇಕ್ ಒತ್ತಿದರೆ ಬಸ್ಸಿಗೆ ಸುದ್ದಿ ಮುಟ್ಟುತ್ತಿದ್ದದ್ದು ಬಹಳ ತಡವಾಗಿ. ಅದು ಪ್ರಪಾತಕ್ಕೆ ಬಿದ್ದದ್ದು ಪರದೆಯ ಮೇಲೆ ಕಾಣಿಸುವಷ್ಟರಲ್ಲಿ ಇವನು ಎದ್ದು ಹೋಗಿ ನೀರು ಕುಡಿದು ಬಂದಿದ್ದ. ಕೆಲಸಕ್ಕೆ ಸೇರಿದಂದಿನಿಂದ ಒಂದು ಸೈಕಲ್ಲಿಗೂ ತಾಗಿಸದವನಿಗೆ ಇದು ಸಣ್ಣ ಅವಮಾನವಲ್ಲ. ದೊಡ್ಡ ಡಿಸ್ಕು, ಹೊಸ ಮೆಮೊರಿ ಕಡ್ಡಿ ಎರಡನ್ನೂ ತಂದೇಬಿಟ್ಟ.

ತನ್ನ ತಮ್ಮನನ್ನು ಕರೆಸಿದರೆ ಅರ್ಧ ಗಂಟೆಯ ಕೆಲಸ ಎಂದಳು ಹೆಂಡತಿ. ತಮ್ಮನಿಗೆ ಮುಖ್ಯರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು, ಬಾಯಿ ಅಂಗಡಿಗಿಂತ ದೊಡ್ಡದಿತ್ತು. ಹಿಂದೊಮ್ಮೆ ಡ್ರೈವರ್ ಮಿಕ್ಸಿ ರಿಪೇರಿಗೆ ಕೂತು, ಅದು ರುಬ್ಬುವುದನ್ನು ಬಿಟ್ಟು ಮೇಜಿನ ಮೇಲೆ ನಡೆದಾಡಲು ಶುರುಮಾಡಿದಾಗ, ಈ ಭಾಮೈದ ನೆಂಟರೆಲ್ಲರ ಎದುರು, ಭಾವನ ಕೈಗೆ ಸ್ಟೇರಿಂಗ್ ಕೊಡಿ, ಸ್ಕ್ರೂಡ್ರೈವರ್ ಮಾತ್ರ ಕೊಡಬೇಡಿ ಎಂದು ನಗಿಸಿದ್ದ. ಆ ನಗು ಡ್ರೈವರನ ಕಿವಿಯಲ್ಲಿ ಇನ್ನೂ ಇತ್ತು.

"ಸ್ಕ್ರೂಡ್ರೈವರ್ ಅನ್ನೋ ಮಾತಲ್ಲೇ ಡ್ರೈವರ್ ಇದಾನೆ. ನಿನ್ನ ತಮ್ಮ ಅದರಲ್ಲಿ ಎಲ್ಲಿದಾನೆ, ತೋರಿಸು ನೋಡೋಣ" ಎಂದ.

ಹೆಂಡತಿಗೆ ಮುದ್ರಣಾಲಯಕ್ಕೆ ಹೋಗುವ ಅವಸರವಿತ್ತು. ಚಪ್ಪಲಿ ಮೆಟ್ಟುತ್ತ ಒಂದೇ ಒಂದು ಮಾತು ಹೇಳಿದಳು: ಒಳಗೆ ಮೇಷ್ಟ್ರ ಪುಸ್ತಕ ಇದೆ, ಅದರ ಕೂದಲು ಕೊಂಕಬಾರದು. ಮೇಷ್ಟ್ರೆಂದರೆ ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ಟರು. ಕೈ ನಡುಗುತ್ತಿದ್ದುದರಿಂದ ಬರೆಯಲಾಗದೆ, ತಿಂಗಳುಗಟ್ಟಲೆ ಇವರ ಮನೆಗೆ ಬಂದು ಕೂತು ತಮ್ಮ ಆತ್ಮಕಥೆಯನ್ನು ಬಾಯಲ್ಲಿ ಹೇಳಿ ಅವಳಿಂದ ಟೈಪು ಮಾಡಿಸಿದ್ದರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ದಿನ ಅದು ಬಿಡುಗಡೆಯಾಗಬೇಕಿತ್ತು. ಮನೆ ಬದಲಾಯಿಸುವಾಗ ಗಾಜಿನ ಸಾಮಾನು ಸಾಗಿಸುತ್ತಾರಲ್ಲ, ಹಾಗೆ ಮೇಷ್ಟ್ರನ್ನು ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ ಸಾಗಿಸುತ್ತೇನೆ ಎಂದು ಡ್ರೈವರ್ ಅಭಯ ಕೊಟ್ಟ. ಅವಳು ಬಾಗಿಲ ತನಕ ಹೋಗಿ, ತಿರುಗಿ ನೋಡಿ, ನಿಟ್ಟುಸಿರು ಬಿಟ್ಟು ಹೋದಳು.

ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಕಂಪ್ಯೂಟರನ್ನು ಮಲಗಿಸಲಾಯಿತು. ಪಕ್ಕದ ತಗಡು ಬಿಚ್ಚಿದರೆ ಒಳಗೆ ಧೂಳಿನ ಹಾಸಿಗೆ. ಉಫ್ ಎಂದು ಊದಿದ. ಧೂಳು ಅಷ್ಟೇ ಗೌರವದಿಂದ ಅವನ ಮುಖಕ್ಕೆ ವಾಪಸು ಬಂತು. ಸೀನಿದ, ಕಣ್ಣೊರೆಸಿದ, ಮೆಮೊರಿ ಕಡ್ಡಿಯನ್ನು ಅದರ ಸೀಳಿನಲ್ಲಿಟ್ಟು ಮೆಲ್ಲಗೆ ಒತ್ತಿದ. ಒತ್ತಿದ್ದು ಸಾಲಲಿಲ್ಲ. ಗುಂಡಿ ಅದುಮಿದ ಕೂಡಲೆ ಕಂಪ್ಯೂಟರು ಕೀಂ ಕೀಂ ಎಂದು ಅರಚತೊಡಗಿತು. ಇನ್ನೊಬ್ಬನಾಗಿದ್ದರೆ ಹೆದರಿ ಭಾಮೈದನಿಗೆ ಫೋನು ಮಾಡುತ್ತಿದ್ದ. ಡ್ರೈವರ್ ಹುಟ್ಟಿದ್ದೇ ಹಾರ್ನಿನ ನಡುವೆ. ಹಾರ್ನು ಹೊಡೆಯುವವನಿಗೆ ಏನೋ ಅಡ್ಡ ಇರುತ್ತದೆ ಎಂದು ಅವನಿಗೆ ಗೊತ್ತು. ಮತ್ತೆ ಬಿಚ್ಚಿ, ಕಡ್ಡಿಯ ಎರಡು ಮೂಲೆಗೂ ಹೆಬ್ಬೆರಳಿಟ್ಟು, ಗೇರು ಬೀಳಿಸುವ ಧೈರ್ಯದಿಂದ ಒತ್ತಿದ. ಟಕ್. ಅರಚಾಟ ನಿಂತಿತು. ಪರದೆಯ ಮೇಲೆ ಮೆಮೊರಿ ಹಿಂದಿನ ಎರಡರಷ್ಟಾಗಿ ನಗುತ್ತಿತ್ತು.

ಡ್ರೈವರ್ ತಕ್ಷಣ ಹೆಂಡತಿಗೆ ಫೋನು ಮಾಡಿ ವಿಜಯವಾರ್ತೆ ತಿಳಿಸಿದ. ಅವಳು ಪುಸ್ತಕ ಇದೆಯಾ ಎಂದು ಕೇಳಿದಳು. ಇದೆ ಎಂದ. ಆ ಗಳಿಗೆಯ ಮಟ್ಟಿಗೆ ಅದು ನೂರಕ್ಕೆ ನೂರು ಸತ್ಯ.

ಉಳಿದದ್ದು ಡಿಸ್ಕು. ಹೊಸದನ್ನು ಸಿಕ್ಕಿಸಿ, ಒಂದರಲ್ಲಿದ್ದದ್ದನ್ನು ಇನ್ನೊಂದಕ್ಕೆ ಯಥಾವತ್ತಾಗಿ ನಕಲು ಮಾಡುವ ಪ್ರೋಗ್ರಾಮನ್ನು ತೆರೆದ. ಪರದೆಯ ಮೇಲೆ ಎರಡು ಪಟ್ಟಿ, ಮೇಲೊಂದು, ಕೆಳಗೊಂದು, ನಡುವೆ ಕೆಳಮುಖವಾದ ಒಂದು ಬಾಣ. ಯಾವುದನ್ನು ಮೇಲಿಡಬೇಕು? ಡ್ರೈವರ್ ಗಡ್ಡ ಕೆರೆದು ಯೋಚಿಸಿದ. ತುಂಬಿದ ಬಸ್ಸು ಡಿಪೋಗೆ ಬರುವುದಿಲ್ಲ, ಡಿಪೋದಿಂದ ಮೊದಲು ಹೊರಡುವುದು ಯಾವತ್ತೂ ಖಾಲಿ ಬಸ್ಸೇ. ಆದ್ದರಿಂದ ಖಾಲಿ ಡಿಸ್ಕು ಮೇಲೆ. ತರ್ಕದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ, ಬಾಣದ ದಿಕ್ಕೊಂದನ್ನು ಬಿಟ್ಟರೆ. ಕೆಳಗಿನ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ ಎಂದು ಪ್ರೋಗ್ರಾಮು ಕೇಳಿತು. ಖಚಿತ ಎಂದು ಒತ್ತಿದ. ನಿಜವಾಗಿಯೂ ಖಚಿತವೇ ಎಂದು ಮತ್ತೆ ಕೇಳಿತು. ಈ ಅನುಮಾನದ ದನಿ ಭಾಮೈದನ ದನಿಯಂತೆಯೇ ಕೇಳಿಸಿದ್ದರಿಂದ ಎರಡನೇ ಸಲ ಇನ್ನೂ ಜೋರಾಗಿ ಒತ್ತಿದ.

ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇಡೀ ಮನೆ ಸಾಮಾನನ್ನು ಇಷ್ಟು ಬೇಗ ಸಾಗಿಸಿದವರುಂಟೇ ಎಂದು ಅವನು ಬೆನ್ನು ತಟ್ಟಿಕೊಂಡ. ಸಾಗಿಸಲು ಏನೂ ಇರಲಿಲ್ಲ, ಬರೀ ಶೂನ್ಯ ಸಾಗಿತ್ತು ಎಂಬುದು ಗೊತ್ತಾದದ್ದು ಕಂಪ್ಯೂಟರನ್ನು ಮತ್ತೆ ಎಬ್ಬಿಸಲು ಹೋದಾಗ. ಪರದೆ ಕಪ್ಪಗೆ ಕೂತಿತ್ತು. ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು, ಅಷ್ಟೆ. ಡ್ರೈವರ್ ಸೋಲೊಪ್ಪಲಿಲ್ಲ. ಕಂಪ್ಯೂಟರಿನ ಜತೆ ಬಂದಿದ್ದ ಪೆನ್‌ಡ್ರೈವನ್ನು ಡ್ರಾಯರಿನಿಂದ ಹುಡುಕಿ ತಂದು, ಎಲ್ಲವನ್ನೂ ಮೊದಲಿಂದ ಹಾಕಲು ಕೂತ. ಅರ್ಧ ದಾರಿಗೆ ಬಂದು ಅದೂ ನಿಂತಿತು. ಪರದೆಯ ನಟ್ಟನಡುವೆ ಒಂದೇ ಸಾಲು: ಡ್ರೈವರ್ ಸಿಗುತ್ತಿಲ್ಲ.

"ಬೆಳಗಿಂದ ಇಲ್ಲೇ ಕೂತಿದೀನಲ್ಲಯ್ಯಾ" ಎಂದ ಡ್ರೈವರ್.

ಹೆಂಡತಿ ಬಂದಾಗ ಅವನು ಅದೇ ಸಾಲನ್ನು ದಿಟ್ಟಿಸುತ್ತ ಎದೆ ಸೆಟೆಸಿ ಕೂತಿದ್ದ. ಅವಳು ಪರದೆ ನೋಡಿದಳು, ಪಂಚೆಯ ಮೇಲೆ ಹರಡಿದ್ದ ಸ್ಕ್ರೂಗಳನ್ನು ನೋಡಿದಳು, ಗಂಡನ ಮುಖ ನೋಡಿದಳು.

"ಮೇಷ್ಟ್ರೆಲ್ಲಿ?"

"ಅವರ ಮನೇಲಿ ಇರ್ಬೇಕು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ತಾನೂ ಕೂಗಾಡಬಹುದಿತ್ತಲ್ಲ ಎಂದು ಅವನಿಗೆ ಅನಿಸಿತು. ಅವಳು ಕಪಾಟು ತೆರೆದು, ಕರಡು ತಿದ್ದಲೆಂದು ಮೊದಲೇ ಮುದ್ರಿಸಿಟ್ಟಿದ್ದ ಹಾಳೆಗಳನ್ನು ತೆಗೆದಳು. ಉಳಿದದ್ದು ಅಷ್ಟೇ, ಅದರಲ್ಲಿ ಮೇಷ್ಟ್ರು ಇನ್ನೂ ಚಡ್ಡಿಯಲ್ಲಿದ್ದರು. ಅವರ ಓದು, ನೌಕರಿ, ಮದುವೆ, ಬಡ್ತಿ, ನಿವೃತ್ತಿ ಎಲ್ಲವೂ ಒಂದು ಗುಂಡಿಗೆ ಬಿದ್ದು ಹೋಗಿತ್ತು.

ಅವಳು ತಮ್ಮನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಅಳಿಸಿ, ಅದರ ಮೇಲೆ ಬೇರೆಯದನ್ನು ತುಂಬಲು ಹೋದರೆ ದೇವರಿಗೂ ಅದು ಸಿಗುವುದಿಲ್ಲ ಎಂದ ಅವನು. ಬೇಕಾದರೆ ಕಂಪ್ಯೂಟರನ್ನಾದರೂ ಎಬ್ಬಿಸಬಹುದು, ಭಾವನನ್ನು ಫೋನಿಗೆ ಕರೆ ಎಂದ. ಭಾವ ಕಿಟಕಿಯಾಚೆ ನೋಡುತ್ತ, ತನಗೆ ಯಾರ ಸಲಹೆಯೂ ಬೇಡ ಎಂದ. ಅವರು ಕೇಳಿಸಿಕೊಳ್ಳುತ್ತಿಲ್ಲ, ನೀನು ಸುಮ್ಮನೆ ಹೇಳುತ್ತ ಹೋಗು ಎಂದಳು ಅಕ್ಕ. ತಮ್ಮ ಹೇಳುತ್ತ ಹೋದ. ಕೇಳಿಸಿಕೊಳ್ಳದ ಡ್ರೈವರ್ ಅವನು ಎಡಕ್ಕೆ ಎಂದಾಗ ಎಡದ ಕೇಬಲ್ಲು ಕಿತ್ತ, ಡಿಸ್ಕನ್ನು ಓಡಿಸುವ, ಡ್ರೈವರ್ ಎಂದೇ ಹೆಸರಿರುವ ಫೈಲನ್ನು ಹಾಕಿ ಎಂದಾಗ ಹಾಕಿದ, ಈಗ ಕಾಯಿರಿ ಎಂದಾಗ ಕಾದ. ಕೊನೆಗೆ ಕಂಪ್ಯೂಟರು ಕಣ್ಣು ಬಿಟ್ಟಿತು. "ನೋಡಿದ್ಯಾ, ನಾನೇ ಮಾಡಿದೆ" ಎಂದ ಡ್ರೈವರ್. ಫೋನಿನೊಳಗಿಂದ ಯಾರೋ ಕೆಮ್ಮಿದರು.

ಕಂಪ್ಯೂಟರು ಗಾಳಿಯಂತೆ ಓಡುತ್ತಿತ್ತು. ಅದರ ಹೊಟ್ಟೆಯಲ್ಲಿ ಮಾತ್ರ ಏನೂ ಇರಲಿಲ್ಲ. ಹೆಂಡತಿ ಸೆರಗು ಸರಿಪಡಿಸಿಕೊಂಡು ಎದ್ದಳು. "ಮೇಷ್ಟ್ರಿಗೆ ನೀವೇ ಹೇಳ್ಬೇಕು. ನಾನು ಬರೀ ಪಕ್ಕದಲ್ಲಿ ನಿಂತಿರ್ತೀನಿ" ಎಂದಳು. ಹೇಳುತ್ತೇನೆ, ಅದಕ್ಕೇನು, ನಾನೇನು ಕೊಲೆ ಮಾಡಿದ್ದೇನೆಯೇ ಎಂದು ಡ್ರೈವರ್ ಅವಳಿಗಿಂತ ಮುಂದೆ ಹೊರಟ. ಮೇಷ್ಟ್ರ ಗೇಟಿನ ಹತ್ತಿರ ಮಾತ್ರ ತಾನಾಗಿ ಹಿಂದೆ ಬಿದ್ದ.

ಮೇಷ್ಟ್ರು ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು.

"ನಮ್ಮವಳ ಅಧ್ಯಾಯವೂ ಹೋಯಿತಾ?" ಎಂದರು ಕೊನೆಗೆ.

ಅವರ ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು. ದಾರಿಯುದ್ದಕ್ಕೂ ಹತ್ತು ಉತ್ತರ ಹೊಸೆದು ತಂದಿದ್ದ ಡ್ರೈವರ್ ಹೌದೆಂದು ಬರೀ ತಲೆಯಾಡಿಸಿದ. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಾಗ ಅವರ ಮುಖದಲ್ಲಿ ಹೆಡ್‌ಮಾಸ್ಟರು ಬಂದು ಕೂತಿದ್ದರು.

"ತಪ್ಪು ಮಾಡಿದವರು ಮತ್ತೆ ಬರೀಬೇಕು. ನಮ್ಮ ಶಾಲೆಯಲ್ಲಿ ಅದೊಂದೇ ಶಿಕ್ಷೆ. ನಾಳೆಯಿಂದ ನಾನು ಹೇಳ್ತೀನಿ, ನೀವು ಬರೀರಿ. ಅವರಲ್ಲ, ನೀವು."

"ಬರೀತೀನಿ. ಬರೀದೆ ಏನು" ಎಂದ ಡ್ರೈವರ್, ಗಲ್ಲ ಎತ್ತಿ.

ಹಾಗೆ ಶುರುವಾಯಿತು. ಸಂಜೆ ಡಿಪೋದಿಂದ ಬಂದರೆ ಮೇಷ್ಟ್ರು ಕಾದಿರುತ್ತಿದ್ದರು. ಡ್ರೈವರ್ ಎರಡು ತೋರುಬೆರಳುಗಳಲ್ಲಿ, ದಟ್ಟಣೆಯಲ್ಲಿ ಬಸ್ಸು ನುಗ್ಗಿಸುವವನಂತೆ, ಅಕ್ಷರ ಅಕ್ಷರ ಹುಡುಕಿ ಹೊಡೆಯುತ್ತಿದ್ದ. ಮಹಾಪ್ರಾಣ ಬಿಟ್ಟರೆ ಮೇಷ್ಟ್ರಿಗೆ ಪ್ರಾಣ ಹೋದಷ್ಟು ಸಂಕಟ. ಸಾಲು ಮೊದಲಿಂದ ಹೊಡೆಸುತ್ತಿದ್ದರು. ಇವನೂ ಬಾಗುವವನಲ್ಲ. ಮೇಷ್ಟ್ರು ತಮ್ಮ ಬಡ್ತಿಯ ಆದೇಶದ ಬಗ್ಗೆ ಹೇಳುತ್ತ ಹೋದಾಗ, ಕೈ ಎತ್ತಿ ಕೂತುಬಿಟ್ಟ. "ಸಾರ್, ಈ ಸ್ಟಾಪಲ್ಲಿ ಎಲ್ಲಾ ಇಳಿದುಬಿಡ್ತಾರೆ. ಬೇಗ ಮುಂದಕ್ಕೆ ಹೋಗಿ." ಮೇಷ್ಟ್ರು ಸಿಟ್ಟಾಗಿ ಎದ್ದು ಮನೆಗೆ ಹೋದರು. ಮರುದಿನ ಬಂದು, ಬಡ್ತಿಯ ಅಧ್ಯಾಯವನ್ನು ಒಂದು ವಾಕ್ಯಕ್ಕೆ ಇಳಿಸಿದರು. ಆದರೆ ತೀರಿಕೊಂಡ ಹೆಂಡತಿಯ ಅಧ್ಯಾಯ ಹೇಳಿದ ಸಂಜೆ ಡ್ರೈವರ್ ಒಂದು ತಕರಾರೂ ತೆಗೆಯಲಿಲ್ಲ. ಮೇಷ್ಟ್ರು ನಿಲ್ಲಿಸಿದಾಗ ನಿಲ್ಲಿಸಿದ, ಅವರು ಮತ್ತೆ ಶುರುಮಾಡುವ ತನಕ ಬೆರಳೆತ್ತಿಕೊಂಡೇ ಕಾದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅವನ ಹೆಂಡತಿ ನಲ್ಲಿ ನಿಲ್ಲಿಸಿ ಕೇಳುತ್ತಿದ್ದಳು.

ಕರಡು ತಿದ್ದಲು ಕೂತಾಗ ಅವಳಿಗೆ ಆಶ್ಚರ್ಯ ಕಾದಿತ್ತು. ಹಿಂದಿನದಕ್ಕಿಂತ ಇದು ಚುರುಕಾಗಿತ್ತು. ಗಂಡನಿಗೆ ಇದನ್ನು ಹೇಳಬಾರದೆಂದು ಅವಳು ತೀರ್ಮಾನಿಸಿದಳು, ಮೇಷ್ಟ್ರು ಹೇಳಿಬಿಟ್ಟರು. ಅಂದಿನಿಂದ ಡ್ರೈವರ್, ತಾನು ಅಳಿಸಿದ್ದು ಸಾಹಿತ್ಯಕ್ಕೆ ಮಾಡಿದ ಸೇವೆ ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ.

ಪುಸ್ತಕ ಬಿಡುಗಡೆಯ ದಿನಕ್ಕೆ ಮುಂಚೆಯೇ ಅಚ್ಚಿಗೆ ಹೋಯಿತು. ಮರುದಿನ ಸಂಜೆ ಡ್ರೈವರ್ ದಾರಿಯಲ್ಲಿ ಎಲ್ಲೂ ನಿಲ್ಲದೆ ಮನೆಗೆ ಬಂದ. ಇವತ್ತು ಮೆಮೊರಿಯೂ ತನ್ನದು, ಜಾಗವೂ ತನ್ನದು, ಬೆಟ್ಟವೂ ತನ್ನದು. ಬಾಗಿಲು ತೆರೆದರೆ ಅವನ ಕುರ್ಚಿಯಲ್ಲಿ ಮೇಷ್ಟ್ರು. ಇಷ್ಟು ದಿನ ಇವನಿಗಾಗಿ ಕಾದು ಕೂರುತ್ತಿದ್ದವರಿಗೆ ಬೇಸರವಾಗದಿರಲೆಂದು ಹೆಂಡತಿ ತಮ್ಮನಿಂದ ಆಟವನ್ನು ಮತ್ತೆ ಹಾಕಿಸಿ ತೆರೆದುಕೊಟ್ಟಿದ್ದಳಂತೆ. ಅವರು ಇವನು ಕನಸಿನಲ್ಲೂ ಕಾಣದ ದಾರಿಗಳನ್ನೆಲ್ಲ ಮುಗಿಸಿ, ಈಗ ಮಂಜಿನ ಘಟ್ಟ ಇಳಿಯುತ್ತಿದ್ದರು. ಕೈ ನಡುಗಿದಾಗ ಬಸ್ಸೂ ನಡುಗುತ್ತಿತ್ತು, ಬೀಳುತ್ತಿರಲಿಲ್ಲ.

ಡ್ರೈವರ್ ಕುರ್ಚಿಯ ಬೆನ್ನು ಹಿಡಿದು ಹಿಂದೆ ನಿಂತ. ಸುಮ್ಮನಿರಲು ನೋಡಿದ, ಆಗಲಿಲ್ಲ. ತಿರುವು ಹತ್ತಿರ ಬರುತ್ತಿತ್ತು.

"ಸಾರ್, ಸೆಕೆಂಡ್ ಗೇರಿಗೆ ಬನ್ನಿ, ಇಲ್ಲಿ ನಾನು ಹೇಳಿದ ಹಾಗೆ..."

ಮೇಷ್ಟ್ರು ಪರದೆಯಿಂದ ಕಣ್ಣು ಕೀಳಲಿಲ್ಲ. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ, ಮಹಾಪ್ರಾಣ ಒಂದೂ ಬಿಡದೆ ಹೇಳಿದರು:

"ವಾಹನ ಚಲಿಸುತ್ತಿರುವಾಗ ಚಾಲಕರೊಂದಿಗೆ ಸಂಭಾಷಿಸಬಾರದು."