ಅಕ್ಕನನ್ನು ಕರೆತರಲು ಕೊಂಡ ಗಾಡಿ

ಯಾವ ಮೆಕ್ಯಾನಿಕ್‌ನ ಕೈಯೂ ಸೋಕದಂತೆ ಈ ಗಾಡಿಯನ್ನು ನಾನೇ ಸಾಕುತ್ತೇನೆ ಎಂದು ಶಪಥ ಮಾಡಿದೆ. ಗಾಡಿಗೆ ಇಪ್ಪತ್ತೊಂದು ವರ್ಷ, ನನಗೆ ಐವತ್ತೊಂಬತ್ತು. ಇಬ್ಬರದೂ ಸೇರಿದರೆ ಎಂಬತ್ತು; ಅನುಭವಕ್ಕೇನು ಕೊರತೆ! ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ, ಕಲ್ಲು ಕೆಸರು ಎನ್ನದೆ ಏರುವ ಜಾತಿಯ ಗಾಡಿ ಅದು.

"ನಿಮಗೆ ಸೈಕಲ್ ಚೈನ್ ಹಾಕೋಕೂ ಬರಲ್ಲ," ಎಂದಳು ನನ್ನಾಕೆ.

"ಸೈಕಲ್ಲಿಗೆ ಎರಡೇ ಚಕ್ರ. ಇದರ ವಿದ್ಯೆಯೇ ಬೇರೆ."

ಕೊಂಡದ್ದು ಅಕ್ಕನಿಗಾಗಿ. ಅವಳ ಮನೆ ಜೇಡಿಮಣ್ಣಿನ ಏರಿನ ತುದಿಯಲ್ಲಿದೆ. ಒಂದು ಕಣ್ಣು ಹೋಗಿ ವರ್ಷವಾಯಿತು. ಇನ್ನೊಂದರ ಪೊರೆ ತೆಗೆಯಲು ಆಸ್ಪತ್ರೆಯವರು ನಾಲ್ಕು ತಿಂಗಳು ಕಾಯಿಸಿ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಸರದಿ ಕೊಟ್ಟಿದ್ದರು. ತಪ್ಪಿದರೆ ಮತ್ತೆ ಸಾಲಿನ ಕೊನೆಗೆ. ಮಳೆ ಬಿದ್ದರೆ ಆ ಏರಿಗೆ ಬಾಡಿಗೆ ಕಾರಿನವರು ಯಾರೂ ಬರುವುದಿಲ್ಲ. ನಾನಿದ್ದೀನಲ್ಲ ಎಂದು ಎದೆ ತಟ್ಟಿಕೊಂಡಿದ್ದೆ.

ನಾನು ಬೋರ್ಡು ಬರೆಯುವವನು. ಬರೆಯುತ್ತಿದ್ದವನು ಎನ್ನಬೇಕು, ಪ್ಲಾಸ್ಟಿಕ್ ಬ್ಯಾನರ್ ಬಂದ ಮೇಲೆ ನನ್ನ ಅಕ್ಷರ ಯಾರಿಗೂ ಬೇಡವಾಯಿತು. ಎರಡು ವರ್ಷದಿಂದ ಕುಂಚಗಳು ಡಬ್ಬಿಯಲ್ಲಿ ಒಣಗಿ ಕೂತಿವೆ, ನಾನು ಬಾಗಿಲಲ್ಲಿ. ಹೀಗಿರುವಾಗ ತುಕ್ಕು ಹಿಡಿದ ಗಾಡಿಯೊಂದು ಮನೆ ಮುಂದೆ ಬಂದು ನಿಂತರೆ ಕೈ ಸುಮ್ಮನಿದ್ದೀತೇ? ಬ್ಯಾಟರಿಯ ಕೊಂಡಿ ಉಜ್ಜಿದೆ. ಸೋರುತ್ತಿದ್ದ ನೀರಿನ ಪೈಪು ಬದಲಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಚಕ್ರಗಳಿಗೆ ಮೂರು ಕೋಟು ಬೆಳ್ಳಿ ಬಣ್ಣ ಬಳಿದೆ.

"ಮಾರಿದವರು ಮುಂದಿನ ಚಕ್ರದ ಬಗ್ಗೆ ಏನೋ ಹೇಳಿದ್ರಲ್ಲ?" ಎಂದಳು ನನ್ನಾಕೆ.

"ಕೆಸರು ಬಂದಾಗ ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಇರೋ ನಾಬ್ ತಿರುಗಿಸಬೇಕಂತೆ. ಆಮೇಲೇ ಮುಂದಿನ ಚಕ್ರಕ್ಕೆ ಬಲ ಬರೋದು. ಯಾವ ಕಡೆಗೆ ಅಂತ ಅದರ ಮೇಲೇ ಗುರುತಿದೆ."

"ಎಲ್ಲಿ?"

ನೋಡಿದೆ. ಅಲ್ಲಿ ಥಳಥಳ ಹೊಳೆಯುವ ಬೆಳ್ಳಿ ಬಣ್ಣವಿತ್ತು. ಮೂವತ್ತೈದು ವರ್ಷ ಬರೆದು ಬದುಕಿದ ನಾನು, ಇಡೀ ಗಾಡಿಯಲ್ಲಿ ಬೇಕಾಗಿದ್ದ ಒಂದೇ ಒಂದು ಬರಹವನ್ನು ಅಳಿಸಿ ಹಾಕಿದ್ದೆ.

"ನನಗೆ ನೆನಪಿದೆ ಬಿಡು," ಎಂದೆ. ನೆನಪಿರಲಿಲ್ಲ.

ಗುರುವಾರ ಮಳೆ ಹಿಡಿದುಕೊಂಡಿತ್ತು. ಏಳೂವರೆಗೆ ನಾನೂ ನನ್ನಾಕೆಯೂ ಏರಿನ ಬುಡದಲ್ಲಿದ್ದೆವು. ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಚಕ್ರಗಳು ಗಿರ್ರನೆ ತಿರುಗಿ, ಗಾಡಿ ಹಿಂದಕ್ಕೆ ಜಾರಿ ಪಕ್ಕದ ಮೋರಿಯಲ್ಲಿ ಕೂತಿತು. ನಾನು ಗತ್ತಿನಿಂದಲೇ ಇಳಿದೆ. ನಾಬ್‌ಗಳು ಬಣ್ಣದಲ್ಲಿ ಸಿಮೆಂಟು ಹಾಕಿದಂತೆ ಅಂಟಿಕೊಂಡಿದ್ದವು. ಸ್ಕ್ರೂಡ್ರೈವರಿನಿಂದ ಸುತ್ತ ಕೆರೆದು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಇನ್ನು ಯಾವ ಕಡೆಗೆ ತಿರುಗಿಸುವುದು? ಬೋರ್ಡಿನ ಎಡಗಡೆ ಒಂದು ಬಳ್ಳಿ ಎಡಕ್ಕೆ ಬಾಗಿದರೆ, ಬಲಗಡೆಯದು ಬಲಕ್ಕೆ ಬಾಗಬೇಕು. ಅದು ನಮ್ಮ ಕಸುಬಿನ ಧರ್ಮ. ಅದರಂತೆ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ತಿರುಗಿಸಿದೆ. ಗಾಡಿ ಇನ್ನೊಂದು ಗೇಣು ಹೂತಿತು.

"ರೀ, ಎಂಟೂವರೆ."

ಬಾನೆಟ್ ಎತ್ತಿದೆ. ಫ್ಯೂಸುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಚಕ್ರದಡಿ ಕಲ್ಲು ತುರುಕಿದೆ. ಗಾಡಿಯ ಕೆಳಗೆ ಮಲಗಿ, ನನಗೆ ಹೆಸರೂ ಗೊತ್ತಿಲ್ಲದ ಭಾಗಗಳನ್ನು ಸುತ್ತಿಗೆಯಿಂದ ಬಡಿದೆ.

"ಒಂಬತ್ತೂಕಾಲು," ಎಂದಳು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಸುತ್ತಿಗೆ ಬಿಟ್ಟು ಗಾಡಿಯಡಿಯಿಂದ ತೆವಳಿ ಹೊರಗೆ ಬಂದೆ.

ಆಗ ಮೇಲಿನಿಂದ ಕೋಲು ಕುಟ್ಟುವ ಸದ್ದು ಕೇಳಿತು. ಅಕ್ಕ ಬೇಲಿಯ ತಂತಿ ಹಿಡಿದು, ಅಡ್ಡಡ್ಡ ಹೆಜ್ಜೆ ಇಡುತ್ತಾ, ಕೆಸರಿನಲ್ಲಿ ತಾನೇ ಇಳಿದು ಬರುತ್ತಿದ್ದಳು.

"ಯಾಕೋ ತಮ್ಮ, ಆಗಿನಿಂದ ಗಾಡಿ ಅರಚೋದು ಕೇಳಿಸ್ತಿದೆ, ಬರೋದು ಮಾತ್ರ ಕಾಣೆ."

ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅವಳು ಕುಕ್ಕರಗಾಲಿನಲ್ಲಿ ಕೂತು ಒಂದು ಚಕ್ರದ ಮೇಲೆ ಬೆರಳಾಡಿಸಿದಳು. ಇನ್ನೊಂದರ ಹತ್ತಿರ ಹೋಗಿ ಅದನ್ನೂ ತಡವಿದಳು.

"ಬಣ್ಣದಡಿ ಉಬ್ಬಿದ ಬಾಣ ಇದೆ ಕಣೋ. ಎರಡೂ ಗಡಿಯಾರದ ಮುಳ್ಳು ತಿರುಗೋ ಕಡೆಗೇ ಇವೆ."

ಎಡಕ್ಕೆ ತಿರುಗಿಸಿದ್ದನ್ನೂ ಬಲಕ್ಕೆ ತಿರುಗಿಸಿದೆ. ಗಾಡಿ, ಕೆರೆಯಿಂದ ಎಮ್ಮೆ ಎದ್ದ ಹಾಗೆ ನಿಧಾನವಾಗಿ ಎದ್ದು ಬಂತು.

ಆಸ್ಪತ್ರೆ ತಲುಪಿದಾಗ ಹತ್ತೂ ನಲವತ್ತು. ಕಿಟಕಿಯ ಗುಮಾಸ್ತೆ ಗಡಿಯಾರ ನೋಡಿ, ನನ್ನ ಕೆಸರು ಮೆತ್ತಿದ ಬಟ್ಟೆ ನೋಡಿ, "ಡಾಕ್ಟರು ಮುಂದಿನವರನ್ನ ತಗೊಂಡಾಯ್ತು. ಇನ್ನು ನಾಲ್ಕು ತಿಂಗಳು," ಎಂದರು. ಕೈ ಮುಗಿದೆ, ಗೋಗರೆದೆ. ಅವರು ಪಾಪ, ಇದ್ದ ಪಟ್ಟಿಯನ್ನೇ ತಿರುಗಿಸಿ ತೋರಿಸಿದರು.

ಮೂವರೂ ಬೆಂಚಿನ ಮೇಲೆ ಕೂತೆವು. ಅಕ್ಕನ ಉಗುರುಗಳಲ್ಲಿ ಬೆಳ್ಳಿ ಬಣ್ಣದ ಚೂರುಗಳಿದ್ದವು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

"ಅಕ್ಕಾ, ಮುಂದಿನ ಸಲ ಹಿಂದಿನ ದಿನವೇ ಬಂದುಬಿಡ್ತೀನಿ," ಎಂದೆ.

ಅವಳು ಗಾಳಿಯಲ್ಲಿ ತಡಕಾಡಿ ನನ್ನ ಭುಜ ಹುಡುಕಿ ಕೈಯಿಟ್ಟಳು.

"ನೀನು ಬರೋದು ಬೇಡಪ್ಪ. ಮನೇಲೇ ಇರು. ನಾನೇ ಬಂದು ನಿನ್ನನ್ನ ಕರ್ಕೊಂಡು ಹೋಗ್ತೀನಿ."