ಎಮ್ಮೆ ಡಾಕ್ಟರು ಕೊಂಡಾಪುರದಲ್ಲಿ

ಓದಿದ್ದು ಒಂದು, ದುಡಿಯುವುದು ಇನ್ನೊಂದು ಅನ್ನುವವರ ಮೆರವಣಿಗೆ ನನ್ನ ಕಣ್ಣ ಮುಂದೆ ಇನ್ನೂ ನಿಂತಿಲ್ಲ. ಮೊದಲನೆಯವನು ನಾನೇ. ಭೂಗರ್ಭಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಹೈದರಾಬಾದಿನ ಒಂದು ಫ್ಯಾನ್ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕೂತು ನಿವೃತ್ತನಾದೆ. ಕಲ್ಲು ಓದಿದವನ ಕೈಗೆ ಮನುಷ್ಯರನ್ನು ಕೊಟ್ಟರು. ಯೂನಿಯನ್ನಿನವರ ಜೊತೆ ಮಾತಿಗೆ ಕೂತಾಗಲೆಲ್ಲ ಓದು ದಂಡವಾಗಲಿಲ್ಲ ಅನ್ನಿಸುತ್ತಿತ್ತು.

ಇನ್ನು ಈ ತಮಾಷೆ ಮುಗಿಯಿತು ಅಂದುಕೊಂಡು ಅದೇ ಊರಿನ ಮಣಿಕೊಂಡ ಬಡಾವಣೆಯ ಮನೆಯಲ್ಲಿ ಕಾಲು ಚಾಚಿದ್ದೆ. ಆಗ ಬಂದ ನನ್ನ ತಂಗಿಯ ಮಗ. ಬೀದರಿನಲ್ಲಿ ಪಶುವೈದ್ಯ ಓದಿದವ. ಓದುವಾಗ ಸಣ್ಣಗಿದ್ದ ಸೀನು, ಹಳ್ಳಿ ದವಾಖಾನೆಗೆ ಸೇರಿದ ಮೇಲೆ ಜೋರಾಗಿತ್ತು. ದನದ ಕೂದಲು ಇವನಿಗೆ ಆಗುವುದಿಲ್ಲ. ಸೂಜಿ ಹಿಡಿದು ಇವನು ಸೀನಿದರೆ ಎಮ್ಮೆ ಹಗ್ಗ ಹರಿದುಕೊಂಡು ಓಡುತ್ತಿತ್ತು, ಹಿಂದೆ ಅದರ ಮಾಲೀಕ.

"ಮಾಮಾ, ಉಸಿರಾಡೋ ಹಂಗ ಒಂದು ಕೆಲಸ ಕೊಡಸ್ರಿ," ಅಂದ.

ಪಕ್ಕದ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಆಗಿರುವ ರಾಯಚೂರಿನ ಹೆಣ್ಣುಮಗಳು ಒಂದು ಕಾಲಕ್ಕೆ ನನ್ನ ಕೈಕೆಳಗೆ ಕೆಲಸ ಕಲಿತವಳು. ಆಕೆಗೆ ಫೋನ್ ಮಾಡಿದೆ. ದನ ನೋಡಲು ಕಲಿತವನನ್ನು ಮಂದಿ ನೋಡಲು ಕಳಿಸುವುದು ಸರಿಯೇ ಅಂತ ನನಗೇ ಅಳುಕಿತ್ತು. ಹೆಂಡತಿ ಒಳಗಿಂದ ಕೂಗಿದಳು: "ಕಲ್ಲು ಓದಿದ ನೀವೇ ಮಂದಿ ನೋಡಿಕೊಂಡ್ರಿ. ಅಂವಾ ಜೀವ ಇರೋದನ್ನರ ಓದ್ಯಾನ, ಹೋಗ್ಲಿ ಬಿಡ್ರಿ."

ಮಾತಾಡದ ರೋಗಿ

ಸಂದರ್ಶನದಲ್ಲಿ ಒಬ್ಬರು ಕೇಳಿದರಂತೆ, "ಕೆಲಸಗಾರನೊಬ್ಬ ತನ್ನ ತೊಂದರೆ ಬಾಯಿಬಿಟ್ಟು ಹೇಳದಿದ್ದರೆ ಏನು ಮಾಡ್ತೀರಿ?"

"ನನ್ನ ರೋಗಿಗಳು ಇಲ್ಲೀತನಕ ಯಾರೂ ಬಾಯಿಬಿಟ್ಟು ಹೇಳಿಲ್ರಿ," ಅಂದನಂತೆ ಇವನು. "ಎಷ್ಟು ತಿಂತದ, ಹೆಂಗ ನಿಲ್ತದ, ಹಿಂಡಿನಾಗ ಇರ್ತದೋ ಬ್ಯಾರೆ ನಿಲ್ತದೋ ನೋಡಿದ್ರ ತಿಳಿತದ."

ಆರು ತಿಂಗಳು ಪರೀಕ್ಷೆಯ ಮೇಲೆ ತೆಗೆದುಕೊಂಡರು. ಆಮೇಲೆ ಕಾಯಂ ಮಾಡಿದರೆ ಉಂಟು, ಇಲ್ಲದಿದ್ದರೆ ಮತ್ತೆ ಎಮ್ಮೆ, ಮತ್ತೆ ಸೀನು. ಮ್ಯಾನೇಜರು ನನಗೆ ಫೋನ್ ಮಾಡಿ ಅಂದಳು: "ಸರ್, ಹುಡುಗ ಛಲೋ ಅದಾನ. ಒಂದು ಮಾತು ಹೇಳ್ರಿ. ಇಲ್ಲಿ ಮಂದಿಗೆ 'ತಿಂತದ' ಅನಬಾರದು, 'ತಿಂತಾರ' ಅನಬೇಕು."

ಹಳೇ ಮೇವು, ಹೊಸ ಮೇವು

ಮಂಗಳೂರಿನ ಕಡೆಯ ಹುಡುಗನೊಬ್ಬ ಸೇರಿ ತಿಂಗಳಾಗುವುದರೊಳಗೆ ರಾಜೀನಾಮೆ ಕೊಟ್ಟ. ಸಂಬಳ ಏರಿಸುತ್ತೇವೆ ಅಂದರು, ಬೇಡ ಅಂದ. ಕಾರಣ ಕೇಳಿದರೆ "ವೈಯಕ್ತಿಕ" ಅಂದ. ನಮ್ಮವನು ಏನೂ ಕೇಳಲಿಲ್ಲ. ಕ್ಯಾಂಟೀನಿನ ಕಂಬಕ್ಕೆ ಒರಗಿ ಅವನು ಊಟ ಮಾಡುವುದನ್ನು ನೋಡಿದ. ಹುಳಿ ಗೋಂಗೂರ ಸೊಪ್ಪಿನ ಪಚ್ಚಡಿ, ಖಾರಕ್ಕೆ ಉರಿಯುವ ಬೇಳೆ ಪಪ್ಪು, ಸಣ್ಣಕ್ಕಿ ಅನ್ನ. ಹುಡುಗ ನಾಲ್ಕು ತುತ್ತು ಕೆದಕಿ ಎದ್ದ.

ಸಂಜೆ ಮನೆಗೆ ಬಂದವನೇ ನನ್ನ ಹೆಂಡತಿಗೆ ಹೇಳಿದ, "ಅತ್ತಿ, ಲಿಂಗಂಪಲ್ಲಿ ಬಜಾರದಾಗ ಕುಚ್ಚಲಕ್ಕಿ ಸಿಗ್ತದೇನು? ಮೇವು ಒಮ್ಮಿಂದೊಮ್ಮೆಲೆ ಬದಲಿ ಮಾಡಿದ್ರ ಎಮ್ಮಿ ಬಾಯಿ ಹಾಕಂಗಿಲ್ಲ. ಹಳೇದ್ರಾಗ ಹೊಸಾದು ಬೆರೆಸಿ ಬೆರೆಸಿ ರೂಢಿ ಮಾಡಿಸಬೇಕು."

ಮರುದಿನದಿಂದ ನಮ್ಮ ಮನೆಯಿಂದ ಡಬ್ಬಿ ಹೋಯಿತು. ಮೊದಲು ಬರೀ ಕುಚ್ಚಲಕ್ಕಿ, ಆಮೇಲೆ ಅರ್ಧಕ್ಕರ್ಧ, ಕೊನೆಗೆ ನೆನಪಿಗೆ ಒಂದು ಹಿಡಿ. ಅಷ್ಟರಲ್ಲಿ ಗೋಂಗೂರ ಕೂಡ ಹಿಡಿಸಿ, ಹುಡುಗ ರಾಜೀನಾಮೆ ವಾಪಸು ಪಡೆದ. ಕಂಪನಿಯವರು ನಮಗಾಗಿಯೇ ಒಬ್ಬ ಡಾಕ್ಟರನ್ನು ಇಟ್ಟಿದ್ದಾರೆ ಅಂತ ತಾಯಿಗೆ ಫೋನಿನಲ್ಲಿ ಹೇಳಿದನಂತೆ. ಯಾವ ಡಾಕ್ಟರು ಅಂತ ಮಾತ್ರ ಹೇಳಲಿಲ್ಲವಂತೆ.

ಮುಂದಾಳು

ಆಮೇಲೆ ಆಫೀಸನ್ನು ಮೂರನೇ ಮಹಡಿಯಿಂದ ಐದನೆಯದಕ್ಕೆ ಸಾಗಿಸುವ ಮಾತು ಬಂತು. ಒಬ್ಬರೂ ತಮ್ಮ ಕುರ್ಚಿ ಬಿಟ್ಟು ಏಳಲು ತಯಾರಿಲ್ಲ. ಕಿಟಕಿ ಪಕ್ಕ ಬೇಕು, ಎಸಿ ಕೆಳಗೆ ಬೇಡ, ಕಾಫಿ ಮಷೀನು ದೂರ ಆಗ್ತದೆ. ಮ್ಯಾನೇಜರು ಟೀಮ್ ಲೀಡರುಗಳನ್ನೆಲ್ಲ ಕೂಡಿಸಿ, ಏನು ಮಾಡೋಣ ಅಂದಳು. ನಮ್ಮವನು ಸಹಜವಾಗಿ ಬಾಯಿಬಿಟ್ಟ.

"ಹೊಸ ಕೊಟ್ಟಿಗಿಗೆ ಎಲ್ಲಾನೂ ಕೂಡೇ ಹೊಡಕೊಂಡು ಹೋದ್ರ ಬೆದರ್ತಾವ್ರಿ. ಹಿಂಡಿನಾಗ ಒಂದು ಮುಂದಾಳು ಎಮ್ಮಿ ಇರ್ತದ. ಅದನ್ನ ಮೊದಲು ಹೊಗಸಿಬಿಡ್ರಿ. ಉಳಿದವು ತಾವಾಗಿ ಬರ್ತಾವ."

ಇವತ್ತಿಗೆ ಹುಡುಗನ ಕೆಲಸ ಮುಗಿಯಿತು ಅಂತ ಮ್ಯಾನೇಜರು ಕಣ್ಣು ಮುಚ್ಚಿದಳಂತೆ. ಆದರೆ ಅವಮಾನ ಆಯಿತು ಅಂತ ಒಬ್ಬರೂ ಎದ್ದು ಹೋಗಲಿಲ್ಲ. ತಮ್ಮೊಳಗೆ ಮುಂದಾಳು ಯಾರು ಅನ್ನುವುದರ ಮೇಲೆ ಜಗಳ ಹತ್ತಿತು.

ಫೋನಿನಲ್ಲಿ ಹಿರಿಯರು

ಒಬ್ಬ ಲೀಡರು ಗೆದ್ದು, ತನ್ನ ಟೀಮು ಕಟ್ಟಿಕೊಂಡು ಮೊದಲು ಮೇಲೆ ಹೋದ. ಉಳಿದವರು ಮುಖ ಊದಿಸಿಕೊಂಡು ಹಿಂದೆಯೇ ಹೋದರು. ಸೋತ ಇನ್ನೊಬ್ಬ ಲೀಡರು ಮಾತ್ರ ಮುಂಬೈಯ ಮುಖ್ಯ ಕಚೇರಿಗೆ ದೂರು ಹೇಳಿದ: ನಮ್ಮ ಸಿಬ್ಬಂದಿ ವಿಭಾಗದಲ್ಲಿ ಎಮ್ಮೆ ಡಾಕ್ಟರನ್ನು ಕೂಡಿಸಿದ್ದಾರೆ.

ಆರು ತಿಂಗಳು ತುಂಬುತ್ತಾ ಬಂದಿತ್ತು. ಹೊಸ ಮಹಡಿಗೆ ಹೋದ ಖುಷಿಗೆ ಅವತ್ತು ಆಫೀಸಿನಲ್ಲಿ ಬಿರಿಯಾನಿ ಊಟ. ನಮ್ಮ ಹೈದರಾಬಾದಿನಲ್ಲಿ ಯಾವುದೂ ಬಿರಿಯಾನಿ ಇಲ್ಲದೆ ಮುಗಿಯುವುದಿಲ್ಲ. ನನ್ನನ್ನೂ ಕರೆದಿದ್ದರು. ಮ್ಯಾನೇಜರ ಕೋಣೆಯಲ್ಲಿ ನಾನು, ಆಕೆ, ನನ್ನ ಅಳಿಯ ಕೂತಿದ್ದಾಗ ಮುಂಬೈಯ ಹಿರಿಯ ಸಾಹೇಬರ ಫೋನ್ ಬಂತು. ಆಕೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಅವರು ಹಿಂದಿಯಲ್ಲಿ ಆಡಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಇವನನ್ನು ಕಾಯಂ ಮಾಡಿ ಅಂತೀರಿ. ಪಶುವೈದ್ಯಕ್ಕೂ ನಿಮ್ಮ ಆಫೀಸಿಗೂ ಏನಮ್ಮ ಸಂಬಂಧ? ಒಂದು ಕಾರಣ ಹೇಳಿ. ಇಲ್ಲದಿದ್ದರೆ ಇವತ್ತೇ ಕಳಿಸಿಬಿಡಿ."

ಅಳಿಯನ ಮುಖ ನೋಡಲಾಗಲಿಲ್ಲ. ಎಮ್ಮೆ ಎದುರಿಗೇ ನಿಂತ ಹಾಗೆ ಮೂಗು ಕೆಂಪಾಗಿತ್ತು. ಕಾರಣ ಹುಡುಕಲು ಮ್ಯಾನೇಜರು ಅವನ ಫೈಲು ತೆರೆದಳು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಅದೇ ಇಬ್ಬರು ಲೀಡರುಗಳು ನುಗ್ಗಿದರು, ಒಬ್ಬನ ಕೈಯಲ್ಲಿ ಏಪ್ರಿಕಾಟ್ ಸಿಹಿ ಖುಬಾನಿ ಕಾ ಮೀಠಾದ ಖಾಲಿ ಪಾತ್ರೆ.

"ತುಮ್ಹಾರೇ ಲೋಗಾಂ ಪೂರಾ ಮೀಠಾ ಖಾ ಗಯೇ," ನಿಮ್ಮವರೇ ಸಿಹಿಯೆಲ್ಲ ತಿಂದು ಮುಗಿಸಿದರು ಅಂತ ಒಬ್ಬ.

"ಹೌ, ಪಹಲೇ ಆಯೇ, ಪಹಲೇ ಖಾಯೇ," ಹೌದು, ಮೊದಲು ಬಂದರು, ಮೊದಲು ತಿಂದರು ಅಂತ ಇನ್ನೊಬ್ಬ.

ಪಾತ್ರೆ ಹಿಡಿದು ಇಬ್ಬರೂ ಎಳೆದಾಡಿದರು. ಒಬ್ಬ ಚಮಚದಿಂದ ಮೇಜು ಬಡಿದ. ಮ್ಯಾನೇಜರು ಮೊದಲು ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದಳು. ಆಮೇಲೆ ಏನು ಹೊಳೆಯಿತೋ, ಬೆರಳು ತೆಗೆದು ಫೋನನ್ನು ಅವರ ಕಡೆಗೆ ಸರಿಸಿದಳು.

ನನ್ನ ಅಳಿಯ ಎದ್ದ. ಎದುರಿಗೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ಪಕ್ಕದಿಂದ ನಿಧಾನಕ್ಕೆ ಸರಿದು, ಒಬ್ಬನ ಭುಜದ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಏನೋ ಗುನುಗಿದ. ಆಮೇಲೆ ಇನ್ನೊಬ್ಬನ ಭುಜ. ಪಾತ್ರೆ ತಾನಾಗಿ ಕೆಳಗಿಳಿಯಿತು. ಇಬ್ಬರೂ ಅವನ ಹಿಂದೆ ಸುಮ್ಮನೆ ಹೊರಗೆ ನಡೆದರು.

ಫೋನಿನಲ್ಲಿ ಸಾಹೇಬರು ಕೇಳಿದರು, "ಇದ್ದಕ್ಕಿದ್ದಂತೆ ಯಾಕೆ ಸುಮ್ಮನಾದರು?"

"ಅದೇ ಹುಡುಗ ಹೋಗಿ ಸಮಾಧಾನ ಮಾಡಿದ ಸರ್," ಅಂದಳು ಮ್ಯಾನೇಜರು.

ಆ ಕಡೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಕಾಯಂ ಮಾಡಿಬಿಡಿ. ಮತ್ತೆ, ಅವನ ಜೊತೆ ಓದಿದವರು ಯಾರಾದರೂ ಖಾಲಿ ಇದ್ದರೆ ಮುಂಬೈಗೂ ಒಬ್ಬನನ್ನು ಕಳಿಸಿ."